ಹಿಡ್ಕೊಂಡ ಭುಜ, ಬಾವಿ ರಾಟೆ: ನನ್ನ ಅನುಭವ

ಫ್ರೋಜನ್ ಶೋಲ್ಡರ್, ಅಂದ್ರೆ ಭುಜದ ಕೀಲು ಹಿಡ್ಕೊಂಡಿದೆ ಅಂತ ಬರೆದ ಚೀಟಿ ಹಿಡ್ಕೊಂಡು ಬಂದೋರ ಹತ್ರ ನಾನು ಮೊದ್ಲು ಕೇಳೋದು ಎರಡೇ, ರಾತ್ರಿ ಆ ಮಗ್ಗುಲಿಗೆ ಮಲಗಕ್ಕಾಗ್ತದಾ, ಶುಗರ್ ಎಷ್ಟಿದೆ. ಕಾಲೇಜಲ್ಲಿ ಇದನ್ನ ಓದಿದ್ದೆ, ಆದ್ರೆ ತಲೆಗೆ ಹೋಗಿದ್ದು ಒಬ್ಬರಿಗೆ ನಾನೇ ನೋವು ಜಾಸ್ತಿ ಮಾಡಿಟ್ಟ ಮೇಲೆ.

ಶಿರಸಿಗೆ ಬರೋ ಮೊದಲು ನಾನು ಕಾರವಾರದಲ್ಲಿ ಫಿಸಿಯೋಥೆರಪಿ ಮಾಡ್ತಿದ್ದೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ, ವರ್ಷವಿಡೀ ತಡ್ಕೊಂಡ ಬೆನ್ನು ಭುಜ ಎಲ್ಲಾ ಮೀನುಗಾರರು ಆಗ ತೋರಿಸ್ಲಿಕ್ಕೆ ಬರ್ತಿದ್ರು. ಬಲೆ ಎಳೆದು ಎಳೆದು ಗಂಟು ಕಟ್ಟಿದ ಸ್ನಾಯು, ಹೆಬ್ಬೆರಳು ಊರಿ ಜೋರಾಗಿ ಒತ್ತಿದ್ರೆ ಅವ್ರಿಗೆ ಹಿತ, ನನಗೂ ಕೆಲಸ ಆಯ್ತು ಅನ್ನೋ ಸಮಾಧಾನ. ಅದೇ ಕೈ ಅಭ್ಯಾಸ ಇಟ್ಕೊಂಡು ಘಟ್ಟ ಹತ್ತಿ ಬಂದಿದ್ದೆ.

ನಾನು ನೋವು ಜಾಸ್ತಿ ಮಾಡಿಟ್ಟೆ ಅಂದ್ನಲ್ಲ, ಅವರದ್ದು ಶಿರಸಿ ಹತ್ರ ತೋಟದ ಮನೆ, 54 ವರ್ಷ, ಶುಗರ್ ಬಂದು ಏಳೆಂಟು ವರ್ಷ ಆಗಿತ್ತು, ನಾನು ಅತ್ತೆ ಅಂತ್ಲೇ ಕರೀತಿದ್ದೆ. "ತಲೆ ಬಾಚಲೆ ಆಗ್ತಿಲ್ಲೆ ತಂಗಿ, ಜಡೆ ಹಾಕಲೂ ಮಗಳೇ ಬೇಕು" ಅಂದ್ರು. ಬಿದ್ದಿಲ್ಲ, ಪೆಟ್ಟಾಗಿಲ್ಲ, ಎಕ್ಸ್‌ರೇಲಿ ಎಂತ ಇಲ್ಲ. ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈಯನ್ನ ಹೊರಗಡೆ ತಿರುಗಿಸಿ ಅಂದೆ, ಎಡಗೈ 60 ಡಿಗ್ರಿ ಹೋಯ್ತು, ಬಲಗೈ 10ಕ್ಕೇ ನಿಂತೋಯ್ತು, ನಾನು ಹಿಡಿದು ತಿರುಗಿಸಿದ್ರೂ ಅಷ್ಟೇ. ಈ ಕಾಯಿಲೆಲಿ ಮೊದ್ಲು ಹೋಗೋದೇ ಈ ಹೊರಗಿನ ತಿರುಗು. ಸ್ನಾಯು ಹರಿದಿದ್ರೆ ಅವ್ರ ಕೈಲಿ ಎತ್ತಲಿಕ್ಕೆ ಆಗದಿದ್ರೂ ನಾವು ಎತ್ತಿದ್ರೆ ಸಾಮಾನ್ಯವಾಗಿ ಮೇಲೆ ಹೋಗ್ತದೆ, ಇಲ್ಲಿ ಯಾರು ಎತ್ತಿದ್ರೂ ಹೋಗಲ್ಲ, ಯಾಕಂದ್ರೆ ಕೀಲನ್ನ ಸುತ್ತಿರೋ ಚೀಲವೇ ಉರಿಯೂತ ಆಗಿ ದಪ್ಪಗಾಗಿ ಕುಗ್ಗಿರ್ತದೆ.

ನಾನು ಮೊದಲ ದಿನವೇ ಜೋರು ಮಾಡಿದೆ. ಅವ್ರೂ ಹಲ್ಲು ಕಚ್ಚಿ ತಡ್ಕೊಂಡ್ರು, ಈ ಕಡೆ ಹೆಂಗಸ್ರು ನೋವು ಅಂತ ಬಾಯಿ ಬಿಡೋದು ಕಮ್ಮಿ, ನಾನು ಮುಖ ನೋಡ್ಬೇಕಿತ್ತು, ನೋಡ್ಲಿಲ್ಲ. ಮೂರನೇ ದಿನ ಬಂದವರ ಕಣ್ಣು ಕೆಂಪಾಗಿತ್ತು, ಎರಡು ರಾತ್ರಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ರಂತೆ. ನನಗೆ ಈಗ್ಲೂ ಅದನ್ನ ನೆನೆಸಿದ್ರೆ ಸಂಕಟ ಆಗ್ತದೆ.

ಆವತ್ತು ರಾತ್ರಿ ಹಳೆ ಪುಸ್ತಕ ಎಲ್ಲಾ ತೆಗೆದು ಕೂತೆ. ಇದಕ್ಕೆ ಮೂರು ಹಂತ, ಮೊದ್ಲು ನೋವೇ ನೋವು, ಆಮೇಲೆ ನೋವು ಇಳಿದು ಬಿಗಿತ ಉಳೀತದೆ, ಕೊನೆಗೆ ನಿಧಾನ ಬಿಡ್ತದೆ, ಒಟ್ಟು ಒಂದರಿಂದ ಮೂರು ವರ್ಷ ಹಿಡಿಯೋದುಂಟು. ನೆದರ್ಲೆಂಡ್ಸ್‌ನಲ್ಲಿ 77 ಜನರನ್ನ ಎರಡು ವರ್ಷ ನೋಡಿ 2004ರಲ್ಲಿ ಬರೆದಿದ್ರು, ನೋವಿನ ಮಿತಿ ಒಳಗೇ ಕೈ ಆಡಿಸಿದವರಲ್ಲಿ 89% ಜನ ಚೆನ್ನಾಗಾದ್ರು, ನೋವು ಮೀರಿ ಎಳೆಸಿಕೊಂಡವರಲ್ಲಿ 63% ಮಾತ್ರ. ಅತ್ತೆ ಇನ್ನೂ ಮೊದಲ ಹಂತದಲ್ಲೇ ಇದ್ರು, ನಾನು ಎರಡನೇ ಹಂತದ ಟ್ರೀಟ್‌ಮೆಂಟ್ ಕೊಟ್ಟಿದ್ದೆ.

ಮೇಟ್‌ಲ್ಯಾಂಡ್ ಅಂತ ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್, ನಾವು ಕೈಯಲ್ಲಿ ಕೀಲು ಆಡಿಸೋದಕ್ಕೆ ನಾಲ್ಕು ಗ್ರೇಡ್ ಮಾಡಿಟ್ಟಿದ್ದಾರೆ, ಒಂದು ಎರಡು ಬಿಗಿತ ಸಿಗೋಕೆ ಮೊದಲೇ ನಿಲ್ಲೋ ಅಲುಗಾಟ, ನೋವು ಇಳಿಸೋಕೆ. ಮೂರು ನಾಲ್ಕು ಬಿಗಿತದ ಒಳಗೆ ಹೋಗೋದು, ಕೀಲು ಬಿಡಿಸೋಕೆ. ಮುಂದಿನ ಎರಡು ತಿಂಗಳು ನಾನು ಒಂದು ಎರಡು ಬಿಟ್ಟು ಮುಂದೆ ಹೋಗ್ಲಿಲ್ಲ. ತೋಳಿನಡಿ ಒಂದು ದಿಂಬು, ಶಾಖ ಕೊಡೋ ಮೊದಲು ಚರ್ಮಕ್ಕೆ ಬಿಸಿ ಗೊತ್ತಾಗ್ತದಾ ಅಂತ ನೋಡೋದು, ಶುಗರ್ ಇದ್ದೋರಿಗೆ ಕೆಲವು ಸಲ ಗೊತ್ತಾಗದೆ ಸುಟ್ಟೇ ಹೋಗ್ತದೆ. ಎಲುಬಿನ ಡಾಕ್ಟ್ರು ಕೀಲಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ರು, ಅದರಿಂದ ಕೆಲ ದಿನ ಶುಗರ್ ಏರ್ತದೆ ಅಂತ ಅವ್ರೇ ಹೇಳಿದ್ರಿಂದ ದಿನಾ ಚೆಕ್ ಮಾಡಿಸಿದ್ವಿ. ನಿದ್ದೆ ಬರೋಕೆ ಶುರುವಾಯ್ತು.

ನೋವು ಇಳಿದ ಮೇಲೆ ನಿಜವಾದ ಕೈ ಕೆಲಸ. ಅಂಗಾತ ಮಲಗಿಸಿ, ಭುಜದ ಹಲಗೆ ಕೆಳಗೆ ಟವಲ್ ಮಡಚಿ ಇಟ್ಟು, ತೋಳಿನ ಮೂಳೆಯ ಗುಂಡು ತಲೆ ಮೇಲೆ ಅಂಗೈ ಇಟ್ಟು ಹಿಂದಕ್ಕೆ ಒತ್ತಿ 30 ಸೆಕೆಂಡ್ ಹಿಡಿಯೋದು, ಬಿಡೋದು, ಹೀಗೆ ಐದಾರು ಸಲ. ಬೆರಳಲ್ಲಿ ಅಲ್ಲ, ನನ್ನ ಮೈ ಭಾರದಲ್ಲಿ. ಹೊರಗೆ ತಿರುಗದ ಭುಜಕ್ಕೆ ಹಿಂದಕ್ಕೆ ಒತ್ತೋದು ಯಾಕೆ ಅಂತ ಮೊದಮೊದಲು ನನಗೂ ವಿಚಿತ್ರ ಅನ್ಸಿತ್ತು, ಮುಂದಕ್ಕೆ ತಳ್ಳೋದಕ್ಕಿಂತ ಇದರಲ್ಲೇ ಫರಕ್ಕು ಕಾಣ್ತದೆ. ಕೆಲವರು ಚಟಕ್ ಅಂದ್ರೆ ಎಲುಬು ಕೂತ್ಕೊಂತು ಅಂದ್ಕೋತಾರೆ, ಅದು ಕೀಲಿನ ದ್ರವದಲ್ಲಿ ಗಾಳಿ ಗುಳ್ಳೆ ಆಗೋ ಸದ್ದು, ಸದ್ದಿಗೂ ಗುಣಕ್ಕೂ ಸಂಬಂಧ ಇಲ್ಲ.

ಅರ್ಧ ಗಂಟೆ ಆದ್ಮೇಲೆ ಅಳೆದ್ರೆ ಎಂಟು ಹತ್ತು ಡಿಗ್ರಿ ಜಾಸ್ತಿ. ಆದ್ರೆ ವಾರಕ್ಕೆ ಎರಡೇ ಸಲ ಅವ್ರಿಗೆ ಬರಕ್ಕಾಗೋದು, ಬಸ್ಸು ಇರೋದೇ ಅಷ್ಟು, ಮುಂದಿನ ಸಲ ಬರೋಷ್ಟರಲ್ಲಿ ಮತ್ತೆ ಅಲ್ಲೇ. ಕೊಟ್ಟ ಎಕ್ಸರ್ಸೈಜ್ ಚೀಟಿ ದೇವರ ಫೋಟೋ ಹಿಂದೆ ಇತ್ತಂತೆ. ಅದಕ್ಕೆ ಒಂದು ಭಾನುವಾರ ಅವ್ರ ಮನೆಗೇ ಹೋದೆ. ಹಿತ್ತಲಲ್ಲಿ ಪಂಪ್ ಬಂದ ಮೇಲೆ ಬಿಟ್ಟ ಹಳೆ ಬಾವಿ ರಾಟೆ ಬಿದ್ದಿತ್ತು. ಅದನ್ನ ಜಗಲಿಯ ಜಂತಿಗೆ ಕಟ್ಟಿಸಿ ಹಗ್ಗದ ಎರಡೂ ತುದಿಗೆ ಹಿಡಿ ಮಾಡಿಸಿದೆ, ಒಳ್ಳೆ ಕೈ ಕೆಳಗೆ ಎಳೆದ್ರೆ ಹಿಡ್ಕೊಂಡ ಕೈ ತಾನೇ ಮೇಲೆ ಹೋಗ್ತದೆ. ಬೆಳಿಗ್ಗೆ ಆಸ್ರಿ (ತಿಂಡಿ) ಆದ ಕೂಡ್ಲೆ 20 ಸಲ, ಸಂಜೆ ದೀಪ ಹಚ್ಚೋ ಮೊದಲು 20 ಸಲ. ಹೊರ ತಿರುಗಿಗೆ ಬಾಗಿಲ ಚೌಕಟ್ಟು ಸಾಕು, ಅಂಗೈ ಚೌಕಟ್ಟಿಗೆ ಊರಿ ಮೈಯನ್ನ ಆಚೆ ತಿರುಗಿಸೋದು. ಉಪ್ಪಿನ ಡಬ್ಬಿಯನ್ನ ಕಟ್ಟೆಯಿಂದ ತೆಗೆದು ಕಣ್ಣೆತ್ತರದ ಶೆಲ್ಫಲ್ಲಿ ಇಡ್ಸಿದೆ, ದಿನಕ್ಕೆ ಹತ್ತು ಸಲ ಬಲಗೈಯೇ ಅಲ್ಲಿಗೆ ಹೋಗ್ಬೇಕು ಅಂತ. ಅಲ್ಲಿಂದ ಮುಂದೆ ಅಳತೆ ಹಿಂದೆ ಬರ್ಲಿಲ್ಲ.

ಅದಾದ್ಮೇಲೆ ನಾನು ಟೇಬಲ್ ಮೇಲಿನ ಕೆಲಸ 15 ನಿಮಿಷಕ್ಕೆ ಇಳಿಸಿ ಉಳಿದ ಹೊತ್ತು ಮನೇಲಿ ಎಂತ ಉಂಟು, ಯಾವ ಕೆಲಸ ಯಾವ ಕೈಲಿ ಮಾಡ್ತೀರಿ ಅಂತ ಕೇಳೋಕೆ ಇಟ್ಕೊಂಡಿದ್ದೇನೆ. ಅಡಕೆ ಸುಲಿಯೋರಿಗೆ ಮಣೆ ಎತ್ತರ, ಮರ ಹತ್ತಿ ಅಡಕೆ ಕೊನೆ ಇಳಿಸೋ ಕೊನೆಗೌಡರಿಗೆ ಕೊಯ್ಲು ಶುರುವಾಗೋ ಮೊದಲೇ ಭುಜದ ಹಲಗೆ ಗಟ್ಟಿ ಮಾಡೋದು. ಮರದಿಂದ ಬಿದ್ದು ಕೈ ಎತ್ತಕ್ಕಾಗದೇ ಬಂದ್ರೆ ಮಾತ್ರ ನಾನು ಮುಟ್ಟೋದಿಲ್ಲ, ಮೊದ್ಲು ಎಕ್ಸ್‌ರೇ. ಎಡಭುಜ ನೋವಿನ ಜೊತೆ ಎದೆ ಬಿಗಿತ, ಬೆವರು ಅಂದ್ರೆ ಸೀದಾ ಆಸ್ಪತ್ರೆಗೆ.

ಅತ್ತೆಗೆ 14 ತಿಂಗಳು ಬೇಕಾಯ್ತು, ತಿರುಗು 50ಕ್ಕೆ ಬಂತು, ಜಡೆ ಈಗ ತಾವೇ ಹಾಕ್ಕೋತಾರೆ. ಹೋದ ಮಳೆಗಾಲದಲ್ಲಿ ಎಡಭುಜ ಶುರುವಾಗಿ ಎರಡೇ ವಾರಕ್ಕೆ ಓಡಿ ಬಂದ್ರು, ಈ ಸಲ ನಾನು ಮುಖ ನೋಡ್ತಾನೇ ಕೈ ಇಟ್ಟೆ. ಹಗ್ಗ ಹಳತಾಗಿತ್ತು, ಹೊಸದು ಹಾಕ್ಸಿಕೊಂಡಿದ್ದಾರೆ.