ಗುಂಯ್ ಅನ್ನುತ್ತಿದ್ದ ಮೋಟಾರು ಮತ್ತೆ ತಿರುಗಿತು
ಸ್ವಿಚ್ ಹಾಕಿದರೆ ನೀರಿನ ಮೋಟಾರು ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಹಾಗೇ ಬಿಟ್ಟರೆ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟು ಹೋಗುತ್ತದೆ. ತಕ್ಷಣ ಮೇನ್ ಆಫ್ ಮಾಡಿದೆ. ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಅಂದರೆ ಬೇರಿಂಗ್ ಹಿಡಿದಿಲ್ಲ, ನೀರು ತಳ್ಳುವ ಚಕ್ರಕ್ಕೆ (ಇಂಪೆಲ್ಲರ್) ಕಸ ಸಿಕ್ಕಿಲ್ಲ. ಅನುಮಾನ ಕೆಪಾಸಿಟರ್ ಮೇಲೆ, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಭಾಗದ ಮೇಲೆ ಹೋಯಿತು. ಇಂಥ ಸಿಂಗಲ್ ಫೇಸ್ ನೀರಿನ ಮೋಟಾರು ತಿರುಗಲು ಶುರು ಮಾಡುವುದೇ ಅದರಿಂದ ಅಲ್ವಾ?

ಡಬ್ಬಿ ಬಿಚ್ಚಿದೆ. ಕೆಪಾಸಿಟರ್ ತಲೆ ಉಬ್ಬಿತ್ತು, ಪಕ್ಕದಲ್ಲಿ ಎಣ್ಣೆ ಜಿನುಗಿತ್ತು. ಕರೆಂಟ್ ತೆಗೆದ ಮೇಲೂ ಇದರಲ್ಲಿ ಚಾರ್ಜ್ ಉಳಿದಿರುತ್ತದೆ, ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ. ಅದರ ಎರಡು ತುದಿಗಳ ನಡುವೆ ರೆಸಿಸ್ಟರ್ ಹಿಡಿದು ಚಾರ್ಜ್ ಇಳಿಸಿ, ವೈರುಗಳ ಫೋಟೊ ತೆಗೆದುಕೊಂಡೇ ಬಿಚ್ಚಿದೆ.

ಹೊಸ ಕೆಪಾಸಿಟರ್‌ನ ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಹಳೆಯದರಷ್ಟೇ ಇರಬೇಕು. ಅದರ ಮೇಲೆ ಬರೆದಿರುವ ವೋಲ್ಟೇಜ್ ಹಳೆಯದಕ್ಕಿಂತ ಜಾಸ್ತಿ ಇದ್ದರೆ ಪರವಾಗಿಲ್ಲ, ಕಡಿಮೆ ಇರಬಾರದು. ಜೋಡಿಸಿ ಸ್ವಿಚ್ ಹಾಕಿದೆ, ಮೋಟಾರು ಒಂದೇ ಸಲಕ್ಕೆ ನೀರೆತ್ತಿತು.