ಮಾಟ ಮಾಡಿಸೋಕೆ ಹೊರಡೋ ಮೊದಲು ನೋಡ್ಕೋಬೇಕಾದ್ದು

ನಮ್ಮ ಶಿರಸಿ ಸಿದ್ದಾಪುರ ಕಡೆ ಮಾಟದ ಯೋಚನೆ ಹುಟ್ಟೋದು ಹೆಚ್ಚಾಗಿ ಬೇಲಿ ಜಗಳದಲ್ಲಿ, ದಾಯಾದಿ ಪಾಲಿನಲ್ಲಿ. ಮಾಟ ತಾಗ್ತದೋ ಇಲ್ವೋ ಅನ್ನೋ ವಾದ ಇವತ್ತು ಬೇಡ, ಆದ್ರೆ ಇನ್ನೊಬ್ಬರಿಗೆ ಕೆಟ್ಟದಾಗಲಿ ಅಂತ ಸಂಕಲ್ಪ ಮಾಡೋಕೆ ಕೂತವರು ಮೊದಲು ತಮ್ಮ ಮನಸ್ಸನ್ನ ಚೆನ್ನಾಗಿ ಜಾಲಾಡಬೇಕು.

ಮೊದಲನೇದು, ಹಾನಿ ಮಾಡಿದ್ದು ಅವರೇ ಅಂತ ಗ್ಯಾರಂಟಿ ಇದೆಯಾ? ಆಷಾಢದ ಮಳೇಲಿ ಹಸಿರು ಅಡಕೆ ರಾಶಿ ರಾಶಿ ಉದುರಿದ್ರೆ ಪಕ್ಕದ ತೋಟದವರ ಮೇಲೆ ಕಣ್ಣು ಹೋಗ್ತದೆ, ಆದ್ರೆ ಅದು ಕೊಳೆ ರೋಗ ಮಾರಾಯ್ರೇ, ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು, ಮಳೆ ಹಿಡಿಯೋ ಮೊದಲೇ ಮರ ಹತ್ತೋ ಕೊನೆಗೌಡರನ್ನ ಕರೆಸಿ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ್ದು) ಹೊಡೆಸಿದ್ರಾ, ಮಧ್ಯೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದ್ಸಲ ಹೊಡೆಸಿದ್ರಾ ಅಂತ ಮೊದಲು ಕೇಳ್ಕೊಳ್ಳಿ.

ಆಮೇಲೆ ನಿಮಗೆ ನಿಜವಾಗಿ ಬೇಕಾಗಿದ್ದೇನು? ತಂತ್ರದಲ್ಲಿ ಷಟ್ಕರ್ಮ ಅಂತ ಆರು ಹೇಳ್ತಾರೆ, ಶಾಂತಿ, ವಶ್ಯ (ವಶ ಮಾಡ್ಕೊಳ್ಳೋದು), ಸ್ತಂಭನ (ತಡೆದು ನಿಲ್ಲಿಸೋದು), ವಿದ್ವೇಷಣ (ದ್ವೇಷ ಹುಟ್ಟಿಸೋದು), ಉಚ್ಚಾಟನ (ಓಡಿಸೋದು), ಮಾರಣ (ಸಾಯಿಸೋದು). ಸಿಟ್ಟಲ್ಲಿದ್ದಾಗ ಬಾಯಿಗೆ ಬರೋದು ಕೊನೇದು. ಒಂದು ರಾತ್ರಿ ಮಲಗಿ ಎದ್ದು ಕೇಳ್ಕೊಂಡ್ರೆ ಎಷ್ಟೋ ಜನಕ್ಕೆ ಬೇಕಾಗಿರೋದು ಆತ ಬೇಲಿ ಕೀಳೋದು ನಿಲ್ಲಿಸ್ಲಿ ಅನ್ನೋದಷ್ಟೇ. ಬೇಕಾಗಿರೋದು ಅಷ್ಟೇ ಆದ್ರೆ ಅವನ ಮಕ್ಕಳ ಹೆಸರು ಯಾಕೆ ಸಂಕಲ್ಪದಲ್ಲಿ ಬರ್ತದೆ? ಮಾರಿಕಾಂಬೆ ಎದುರು ನಿಂತು ನಾಲ್ಕು ಜನಕ್ಕೆ ಕೇಳೋ ಹಾಗೆ ಹೇಳೋಕಾಗದ ಕೋರಿಕೆ ಇದ್ರೆ ಅದನ್ನ ಕೈಬಿಡಿ.

ಕೆಲವನ್ನಂತೂ ಯಾವ ಕಾರಣಕ್ಕೂ ಮಾಡಬಾರದು. ಊಟದಲ್ಲಿ ಮದ್ದು ಹಾಕೋದು ಮಂತ್ರ ಅಲ್ಲ, ವಿಷ ಹಾಕೋದೇ. ಗೇಟಿನ ಹತ್ರ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟು ಬರೋದು ಹೆದರಿಸೋ ಕೆಲಸ, ಆ ಮನೇಲಿ ಬಸುರಿ ಇರ್ಬಹುದು, ಹಾರ್ಟ್ ಪೇಷೆಂಟ್ ಇರ್ಬಹುದು. ಇದೆಲ್ಲಕ್ಕಿಂತ ನಂಗೆ ಸಂಕಟ ಆಗೋದು ಒಂಟಿ ಇರೋ ಹೆಂಗಸಿನ ಮೇಲೆ ಇವಳೇ ಮಾಟ ಮಾಡಿದ್ದು ಅಂತ ಬೆರಳು ತೋರಿಸೋದು, ಅದು ಒಂದ್ಸಲ ಊರಲ್ಲಿ ಹಬ್ಬಿದ್ರೆ ಅವಳ ಮನೆಗೆ ಒಂದು ಲೋಟ ನೀರು ಕುಡಿಯೋಕೂ ಯಾರೂ ಹೋಗೋದಿಲ್ಲ, ಯಾವ ಶಾಂತಿ ಮಾಡಿಸಿದ್ರೂ ಆ ಹೆಸರು ಹೋಗೋದಿಲ್ಲ. ಕಾನೂನೂ ಇದೆ, 2017ರ ವಾಮಾಚಾರ ತಡೆ ಕಾಯ್ದೆ, 2020ರಿಂದ ಜಾರೀಲಿದೆ, 1ರಿಂದ 7 ವರ್ಷ ಜೈಲು.

ಗಡಿ ವಿಷಯ ಆದ್ರೆ ಹದ್ದುಬಸ್ತಿಗೆ, ಅಂದ್ರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಕೊಡಿ, ಸರ್ವೆಯವರು ಬಂದು ಅಳೆದು ಗಡಿ ತೋರಿಸೋವರೆಗೆ ಮಾಟ ಮಾಡೋ ಗಾಡಿಗರ ಮನೆ ಕಡೆ ಹೋಗ್ಬೇಡಿ.