ಒಂದೇ ನೋಟ್‌ಬುಕ್ಕಿನಲ್ಲಿ ನಮ್ಮ ಓಣಿ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಓಣಿಯಲ್ಲಿ ನಡೆದದ್ದನ್ನು ನಾನು ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಇದು ಶುರುವಾಗಿದ್ದು ನೀರಿನಿಂದ. ಮಲಪ್ರಭೆಯ ನೀರು ನಮ್ಮೂರಿಗೆ ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ. 2008ರಲ್ಲೇ ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ 24 ತಾಸು ನೀರು ಬಂತು. ಉಳಿದವರು ಮುಂದೆಯೂ ದಿನ ಎಣಿಸುತ್ತ ಕೂತರು. ಕಳೆದ ಸಲ ನಳ ಬಂದದ್ದು ಸೋಮವಾರವೋ ಮಂಗಳವಾರವೋ ಅಂತ ಓಣಿಯಲ್ಲಿ ಪ್ರತಿ ಸಲ ವಾದ. ಆ ವಾದ ಕೇಳಿ ಬೇಜಾರಾಗಿ ಕ್ಯಾಲೆಂಡರಿನ ಮೇಲೆ ಗುರುತು ಹಾಕತೊಡಗಿದೆ. ನೀರು ಬಂದ ತಾಸು, ನಿಂತ ತಾಸು, ಅಷ್ಟೇ. ಕ್ಯಾಲೆಂಡರಿನ ಚೌಕ ಸಾಲದಾಯಿತು. ಉದ್ದನೆಯ ನೋಟ್‌ಬುಕ್ ತಂದೆ.

ನಳ ಬಿಟ್ಟುಕೊಂಡು ಹಿತ್ತಲಲ್ಲಿ ಕಾಯುವಾಗ ಮಾಡಲು ಬೇರೆ ಕೆಲಸ ಇರುವುದಿಲ್ಲ, ಅಲ್ವಾ? ಹಕ್ಕಿಗಳು ನೋಟ್‌ಬುಕ್ಕಿಗೆ ಬಂದದ್ದು ಹಾಗೆ. ಆಮೇಲೆ ಬಸ್ಸು ಬಂತು, ಕಸದ ಗಾಡಿ ಬಂತು, ಕೊನೆಗೆ ಕಾರ್ಪೊರೇಟರ್ ಕೂಡ ಬಂದರು. ಹಕ್ಕಿಗೊಂದು, ನಳಕ್ಕೊಂದು ಬೇರೆ ಬೇರೆ ಪುಸ್ತಕ ಇಡಿ ಅಂತ ಮಗ ಹೇಳಿದ. ನಾನು ಇಡಲಿಲ್ಲ. ಓಣಿಯಲ್ಲಿ ಎಲ್ಲ ಒಟ್ಟಿಗೇ ನಡೆಯುತ್ತದೆ, ನಾನು ಯಾಕೆ ಬೇರೆ ಮಾಡಲಿ? ಎಡಗಡೆ ತಾರೀಖು, ತಾಸು. ಬಲಗಡೆ ಕಂಡದ್ದು. ಬೇರೆ ಯಾರಾದರೂ ಹೇಳಿದ್ದಾದರೆ ಪಕ್ಕದಲ್ಲಿ ಅವರ ಹೆಸರು. ನನಗೆ ನಾನೇ ಹಾಕಿಕೊಂಡ ಕಟ್ಟಳೆ ಒಂದೇ: ಬೈಗುಳ ಬರೆಯುವಂತಿಲ್ಲ. ‘ಚರಂಡಿ ಗಲೀಜು’ ಅಂತ ಬರೆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಮೂಲೆ ಮನೆಯ ಮುಂದೆ ಚರಂಡಿ ನೀರು ರಸ್ತೆಗೆ, ಬೆಳಿಗ್ಗೆ 7, ಮಳೆ ಇಲ್ಲ’ ಅಂದರೆ ಗೊತ್ತಾಗುತ್ತದೆ. ಮಳೆ ಇಲ್ಲ ಅನ್ನುವ ಆ ಎರಡು ಪದ ಮುಂದೆ ಬಹಳ ಕೆಲಸಕ್ಕೆ ಬಂದವು. ಯಾರನ್ನು ಕೇಳಿದರೂ ಮೊದಲು ಹೇಳುವುದೇ ‘ಮಳಿ ಆತಲ್ಲರಿ, ಅದಕ್ಕ’ ಅಂತ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಜಾಸ್ತಿ ಜಾಗ ಅವುಗಳದ್ದೇ. ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದು ಮಾವು, ಒಂದು ನುಗ್ಗೆ, ದಾಸವಾಳ, ಮದರಂಗಿ ಬೇಲಿ. ಬೇಲಿಯಾಚೆ ರಸ್ತೆ ಬದಿಗೆ ಹೊಂಗೆ. ಇಷ್ಟಕ್ಕೇ ಪಿಕಳಾರ, ಗೊರವಂಕ, ಸೂರಕ್ಕಿ, ಸಿಂಪಿಗ, ಮಡಿವಾಳ, ಕಂಚುಗಾರ, ಕೆಂಬೂತ ಎಲ್ಲ ಬರುತ್ತವೆ. ಕಾಗೆ, ಗುಬ್ಬಿ, ಹದ್ದು ಬಿಟ್ಟು ಹೇಳಿದೆ. ಮೊದಮೊದಲು ಹೆಸರು ಗೊತ್ತಿರಲಿಲ್ಲ. ‘ತಲೆ ಮೇಲೆ ಜುಟ್ಟು, ಕೆನ್ನೆ ಕೆಂಪು, ಬಾಲದ ಕೆಳಗೂ ಕೆಂಪು’ ಅಂತ ಬರೆದಿಟ್ಟರೆ ಸಾಕಾಗುತ್ತಿತ್ತು. ಅದು ಕೆಮ್ಮೀಸೆ ಪಿಕಳಾರ ಅಂತ ಆಮೇಲೆ ತಿಳಿಯಿತು. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹೆಸರಿಗಾಗಿ ಫೋನ್ ಹುಡುಕುತ್ತ ಕೂತರೆ ಹಕ್ಕಿ ಹಾರಿಹೋಗಿರುತ್ತದೆ. ಮೊದಲು ನೋಡಿದ್ದು ಬರೆಯಿರಿ.

ಯಾವ ಹಕ್ಕಿ ಅನ್ನುವುದಕ್ಕಿಂತ ಏನು ಮಾಡುತ್ತಿತ್ತು ಅನ್ನುವುದು ಜಾಸ್ತಿ ಉಪಯೋಗ. ಮಡಿವಾಳ ಇಡೀ ಚಳಿಗಾಲ ಸುಮ್ನೆ ನೆಲದ ಮೇಲೆ ಓಡಾಡಿಕೊಂಡಿರುತ್ತದೆ. ಮಾರ್ಚ್ ಬಂತೆಂದರೆ ಎದುರು ಮನೆಯ ನೀರಿನ ಟಾಕಿ ಮೇಲೆ ಕೂತು ನಸುಕಿನಲ್ಲೇ ಹಾಡು ಶುರು. ಸೂರಕ್ಕಿ ಹೆಣ್ಣು ಜೇಡರ ಬಲೆಯ ಎಳೆ, ನಾರು, ತೊಗಟೆ ಚೂರು ಸೇರಿಸಿ ಚೀಲದಂಥ ಗೂಡು ನೇತುಹಾಕುತ್ತದೆ. ನಮ್ಮಲ್ಲಿ ಅದು ಬಟ್ಟೆ ಒಣಹಾಕುವ ತಂತಿಯ ತುದಿಗೇ ಕಟ್ಟಿತು. ಮರಿ ಹಾರುವವರೆಗೆ ಆ ತುದಿಯಲ್ಲಿ ಬಟ್ಟೆ ಇಲ್ಲ. ಕಂಚುಗಾರ ಹಕ್ಕಿಗೆ ಬೇಕಾದದ್ದು ಒಣಗಿದ, ಮೆತ್ತನೆ ಕಟ್ಟಿಗೆ. ನುಗ್ಗೆಯ ಒಣ ಟೊಂಗೆಯ ಕೆಳಮೈಯಲ್ಲಿ ದುಂಡಗೆ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಆ ಟೊಂಗೆಯನ್ನು ನೋಡಿದವರೆಲ್ಲ ಕಡಿಸಿಬಿಡ್ರಿ ಅನ್ನುತ್ತಾರೆ. ಒಣಗಿದ್ದು ಅಂದರೆ ಯಾರಿಗೂ ಬೇಡದ್ದು ಅಂತ ಲೆಕ್ಕ.

ಪಕ್ಕದ ಮನೆಯ ವೈನಿ ದಿನಾ ಪಾರಿವಾಳಗಳಿಗೆ ಜೋಳ ಹಾಕುತ್ತಾರೆ. ಪಾರಿವಾಳ ಹೆಚ್ಚಾದ ವರ್ಷ ಗುಬ್ಬಿ ಕಡಿಮೆಯಾಯಿತೇ ಅಂತ ನನ್ನ ಪುಸ್ತಕದಿಂದ ಹೇಳಲು ಆಗುವುದಿಲ್ಲ. ಅಷ್ಟು ಗಟ್ಟಿ ಲೆಕ್ಕ ಅದರಲ್ಲಿಲ್ಲ. ಆದರೆ ವೈನಿ ಜೊತೆ ನನಗೆ ಇದ್ದ ಜಗಳ ಬೇರೆ, ಟೆರೇಸಿನ ಹಿಕ್ಕೆಯದ್ದು. ಕೊನೆಗೆ ಜೋಳದ ಬದಲು ಅಗಲವಾದ ಮಣ್ಣಿನ ತಾಟಿನಲ್ಲಿ ನೀರು ಇಡೋಣ, ದಿನಾ ತಿಕ್ಕಿ ತೊಳೆಯೋಣ ಅಂತ ಒಪ್ಪಂದವಾಯಿತು. ಅವರು ಈಗಲೂ ಏಕಾದಶಿಗೆ ಜೋಳ ಹಾಕುತ್ತಾರೆ. ನಾನು ಕಂಡೂ ಕಾಣದಂತೆ ಇರುತ್ತೇನೆ.

ಹಕ್ಕಿಯೂ ಊರಿನ ಆಡಳಿತವೂ ಒಂದೇ ಪುಟಕ್ಕೆ ಬರುವುದು ಮೇ ತಿಂಗಳಲ್ಲಿ. ಮುಂಗಾರಿಗೆ ಮೊದಲು ಲೈನ್‌ಮನ್‌ಗಳು ತಂತಿಗೆ ತಾಗುವ ಟೊಂಗೆ ಕಡಿಯಲು ಬರುತ್ತಾರೆ. ಬರಲೇಬೇಕು, ಇಲ್ಲದಿದ್ದರೆ ಮೊದಲ ಗಾಳಿಗೇ ಕತ್ತಲು. ಆದರೆ ಪಿಕಳಾರ ಗೂಡು ಕಟ್ಟುವುದೂ ಅದೇ ಹೊತ್ತಿನಲ್ಲಿ. ಮೊಟ್ಟೆ ಇಟ್ಟಲ್ಲಿಂದ ಮರಿ ಗೂಡು ಬಿಡುವವರೆಗೆ ಅದಕ್ಕೆ ಬೇಕಾದದ್ದು ಮೂರೂವರೆ, ನಾಲ್ಕು ವಾರ ಮಾತ್ರ. ಹೊಂಗೆಯಲ್ಲಿ ಗೂಡು ಯಾವ ಕಡೆ, ಯಾವ ವಾರ ಅಂತ ಪುಸ್ತಕದಲ್ಲಿ ವರ್ಷವರ್ಷಕ್ಕೆ ಇತ್ತು. ಯಾವ ವಿದ್ಯುತ್ ಮಾರ್ಗದಲ್ಲಿ (ಫೀಡರ್), ಎಷ್ಟು ಹೊತ್ತಿಗೆ ಕರೆಂಟ್ ತೆಗೆಯುತ್ತಾರೆ ಅಂತ ಹಿಂದಿನ ದಿನದ ಪೇಪರಿನಲ್ಲಿ ‘ವಿದ್ಯುತ್ ವ್ಯತ್ಯಯ’ದ ಸುದ್ದಿ ಬರುತ್ತದೆ. ಆ ಪುಟ್ಟ ಸುದ್ದಿಯನ್ನು ನಾನು ರಾಜಕೀಯ ಪುಟಕ್ಕಿಂತ ಮೊದಲು ಓದುತ್ತೇನೆ. ನಮ್ಮ ಭಾಗದ ಹೆಸರು ಇದ್ದರೆ ಮರುದಿನ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂಡುವುದು.

ಲೈನ್‌ಮನ್ ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. “ಅಕ್ಕಾರ, ನಾಳೆ ಗಾಳಿ ಬಿಟ್ರ ಟೊಂಗಿ ತಂತಿ ಮ್ಯಾಲ ಬೀಳತೈತ್ರಿ. ಆಮ್ಯಾಲ ನೀವ ಕರೆಂಟ್ ಹೋತಂತ 1912ಕ್ಕ ಫೋನ್ ಹಚ್ಚತೀರಿ.”

“ಕಡೀಬ್ಯಾಡ ಅನ್ನೂದಿಲ್ಲಪಾ. ಈ ಬಾಜೂ ಗೂಡು ಅದ, ಮರಿ ಅವ. ಆ ಬಾಜೂ ಕಡಿ. ಇದನ್ನ ಎರಡು ವಾರ ಬಿಟ್ಟು ಬಾ.”

“ಎರಡು ವಾರ ಬಿಟ್ಟು ಮರಿ ಹಾರತಾವಂತ ನಿಮಗ ಹೆಂಗ ಗೊತ್ತರಿ?”

ಪುಸ್ತಕ ತೋರಿಸಿದೆ. ಹಿಂದಿನ ವರ್ಷಗಳ ತಾರೀಖು ನೋಡಿದ. ನಕ್ಕ. ತಂತಿ ಕಡೆಯ ಟೊಂಗೆಗಳನ್ನು ಕಡಿದು ಗೂಡಿದ್ದದ್ದನ್ನು ಬಿಟ್ಟ. ಓಣಿಯ ಆ ತುದಿಯ ಬೇವಿನ ಮರಕ್ಕೆ ಆ ಅದೃಷ್ಟ ಇರಲಿಲ್ಲ. ಅದನ್ನು ಅರ್ಧಕ್ಕೇ ಬೋಳು ಮಾಡಿದ್ದರು, ಅಲ್ಲಿ ಏನಿತ್ತೋ ಯಾರೂ ಬರೆದಿಟ್ಟಿರಲಿಲ್ಲ. ಮರವನ್ನೇ ಕಡಿಯುವ ಮಾತು ಬಂದರೆ ದಾರಿ ಬೇರೆ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ನಮ್ಮದೇ ಕಂಪೌಂಡಿನ ಮರ ಆದರೂ ಅನುಮತಿ ಬೇಕು, ಕೆಲವು ಜಾತಿಯ ಮರಗಳಿಗೆ ಮಾತ್ರ ವಿನಾಯಿತಿ. ಮನೆ ಕಟ್ಟುವವರು ಇದನ್ನು ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ.

ಇನ್ನು ಬಸ್ಸು. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸುಗಳಿಗೇ ಮೀಸಲಾದ ಬಿಆರ್‌ಟಿಎಸ್ ದಾರಿ ಸುಮಾರು 22 ಕಿಲೋಮೀಟರ್. ಅದರಲ್ಲಿ ಓಡುವ ಚಿಗರಿ ಬಸ್ಸುಗಳ ಪ್ರಯೋಗ ಶುರುವಾಗಿದ್ದು 2018ರ ಅಕ್ಟೋಬರಿನಲ್ಲಿ, ಉದ್ಘಾಟನೆ 2020ರ ಫೆಬ್ರುವರಿ 2ರಂದು. ರಸ್ತೆ ಅಗಲ ಮಾಡಲು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಎಷ್ಟೋ ಹಳೆಯ ಮರ ಹೋದವು. ಹಾಗಂತ ನಾನು ಚಿಗರಿಯ ವಿರೋಧಿ ಅಲ್ಲ. ಜುಬಿಲಿ ಸರ್ಕಲ್‌ನಲ್ಲಿ ಹತ್ತಿದರೆ ಹುಬ್ಬಳ್ಳಿ ಮುಟ್ಟುವ ಹೊತ್ತು ಹೇಳಬಹುದು. ಮೊದಲು ಅದು ದೇವರ ಕೈಯಲ್ಲಿತ್ತು. ತೊಂದರೆ ಇರುವುದು ಓಣಿಯಿಂದ ನಿಲ್ದಾಣದವರೆಗಿನ ದಾರಿಯಲ್ಲಿ. ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಮೊಣಕಾಲು ನೋಯುವವರು ದಾಟಿ ಹೋಗಬೇಕು. ಮೇಲೆ, ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದ್ದರೂ ಅದು ಸಾಮಾನ್ಯ ಬಸ್ಸುಗಳಿಗೆ ಮಾತ್ರ, ಎಸಿ ಇರುವ ಚಿಗರಿಗೆ ಇಲ್ಲ. ಹೂವು ಮಾರುವ ಅಕ್ಕ ಬುಟ್ಟಿ ಇಟ್ಟುಕೊಂಡು ಸಾಮಾನ್ಯ ಬಸ್ಸಿಗೇ ಕಾಯುತ್ತಾಳೆ. ‘ಎಷ್ಟೊತ್ತಾದ್ರೂ ಕಾಯ್ತೇನ್ರಿ, ರೊಕ್ಕ ಉಳೀತಾವ’ ಅಂತಾಳೆ. ಅವಳ ಕಾಯುವಿಕೆಯೂ ಪುಸ್ತಕದಲ್ಲಿದೆ.

ಬಸ್ಸಿನ ಹೊತ್ತು ಬರೆಯುವುದಕ್ಕೆ ಒಂದು ಉಪಾಯ. ಬಸ್ಸು ಬಂದದ್ದನ್ನಷ್ಟೇ ಬರೆದರೆ ಉಪಯೋಗವಿಲ್ಲ. ನೀವು ಬಂದು ನಿಂತ ಹೊತ್ತನ್ನೂ ಬರೆಯಬೇಕು, ಎಷ್ಟು ಜನ ಕಾಯುತ್ತಿದ್ದರು ಅಂತಲೂ ಬರೆಯಬೇಕು. ಹೀಗೆ ಬರೆದದ್ದನ್ನು ಕೂಡಿಸಿದಾಗ, ಸಾಲಿ ಬಿಡುವ ಹೊತ್ತಿಗೇ ಬಸ್ಸು ಇಲ್ಲ ಅನ್ನುವುದು ಕಾಣಿಸಿತು. ಪುಟಗಳ ಜೆರಾಕ್ಸ್ ಜೊತೆ ಅರ್ಜಿ ಕೊಟ್ಟೆವು. ಒಂದು ಟ್ರಿಪ್ ಸ್ವಲ್ಪ ಮುಂದೆ ತಂದರು. ಪರೀಕ್ಷೆ ಮುಗಿದ ಮೇಲೆ ಅದು ಮತ್ತೆ ಹಳೆಯ ಹೊತ್ತಿಗೇ ಹೋಯಿತು. ಈ ವರ್ಷ ಮತ್ತೆ ಕೊಡಬೇಕು.

ರಾಜಕೀಯದ ಬಗ್ಗೆ ಬರೆಯುವಾಗ ಪಕ್ಷದ ಹೆಸರು ನನ್ನ ಪುಸ್ತಕದಲ್ಲಿ ಬರುವುದಿಲ್ಲ. ಓಣಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅದು ಬೇಕಾದಷ್ಟಿದೆ. ನಾನು ಬರೆಯುವುದು ಯಾರು ಯಾವ ಕೆಲಸಕ್ಕೆ ಯಾವ ದಿನ ಹೂಂ ಅಂದರು ಅಂತ. ನಮ್ಮ ಪಾಲಿಕೆಯ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಆಗ ವಾರ್ಡುಗಳು 67ರಿಂದ 82 ಆಗಿದ್ದವು. ಆದರೆ ಮೇಯರ್ ಆಯ್ಕೆ ಆದದ್ದು 2022ರ ಮೇ ಕೊನೆಗೆ. ನಡುವಿನ ತಿಂಗಳುಗಳ ಪುಟ ತಿರುವಿದರೆ ಒಂದೇ ಮಾತು ಮತ್ತೆ ಮತ್ತೆ: ‘ನಮಗಿನ್ನೂ ಅಧಿಕಾರ ಬಂದಿಲ್ಲರಿ.’ ಗೆದ್ದವರು ಸುಳ್ಳು ಹೇಳುತ್ತಿರಲಿಲ್ಲ. ಪೇಪರಿನಲ್ಲಿ ಅದು ಒಂದು ದಿನದ ಸುದ್ದಿ. ಓಣಿಯಲ್ಲಿ ಅದು ಒಂದಿಡೀ ಚಳಿಗಾಲ ಹೊತ್ತದ ಬೀದಿ ದೀಪ.

ಈಗ ಇನ್ನೊಂದು ತಿರುವು. 1962ರಿಂದ ಒಂದೇ ಆಗಿದ್ದ ಪಾಲಿಕೆಯನ್ನು ಒಡೆದು ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. 82ರಲ್ಲಿ 26 ವಾರ್ಡು ಧಾರವಾಡಕ್ಕೆ. ನಮ್ಮೂರಿನವರು ಎಷ್ಟೋ ವರ್ಷದಿಂದ ಕೇಳುತ್ತಿದ್ದದ್ದೇ. ರೊಕ್ಕವೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅನ್ನುವ ಸಿಟ್ಟು ಇಲ್ಲಿ ಹಳೆಯದು. ನನಗೂ ಖುಷಿಯೇ. ಆದರೆ ಬೇರೆ ಪಾಲಿಕೆ ಅಂದರೆ ಬೇರೆ ಖಜಾನೆ, ನಮ್ಮ ಮನೆ ತೆರಿಗೆಯಿಂದಲೂ ತುಂಬಬೇಕಾದದ್ದು. ಕಟ್ಟೆ ಮೇಲೆ ಕೂತು ಮಾತಾಡುವ ಕಾಕಾಗಳಿಗೆ ಇದನ್ನು ಹೇಳಿದರೆ ‘ಅದನ್ನ ಆಮ್ಯಾಲ ನೋಡೋಣಂತ’ ಅನ್ನುತ್ತಾರೆ.

ಕಾರ್ಪೊರೇಟರ್ ಹತ್ತಿರ ಹೋಗುವ ರೀತಿ ಹೇಳುತ್ತೇನೆ, ಬಹಳ ಜನ ಕೇಳುತ್ತಾರೆ. ಬೆಳಿಗ್ಗೆ ಎಂಟರ ಸುಮಾರಿಗೆ ಮನೆಗೇ ಹೋಗುವುದು ಒಳ್ಳೆಯದು, ಆಮೇಲೆ ಅವರು ಸಿಗುವುದಿಲ್ಲ. ಇಬ್ಬರೇ ಹೋಗಬೇಕು. ಹತ್ತು ಜನ ಹೋದರೆ ಅದು ಧರಣಿ ಆಗುತ್ತದೆ, ಅವರೂ ಭಾಷಣದ ಧಾಟಿಗೆ ಬರುತ್ತಾರೆ. ಒಂದೇ ವಿಷಯ ಒಯ್ಯಬೇಕು. ಚರಂಡಿ ಅಂದರೆ ಚರಂಡಿ. ಅದರ ಜೊತೆ ದೀಪ, ನಾಯಿ, ಕಸ ಸೇರಿಸಿದರೆ ಅವರು ಸುಲಭವಾದದ್ದನ್ನು ಆರಿಸಿ ಮಾಡಿ ‘ನಿಮ್ಮ ಕೆಲಸ ಮಾಡೇನಲ್ಲರಿ’ ಅನ್ನುತ್ತಾರೆ. ತಾರೀಖುಗಳ ಒಂದು ಪುಟ, ಒಂದು ಫೋಟೊ ಕೊಟ್ಟು, ನಮ್ಮ ಪ್ರತಿಯ ಮೇಲೆ ಸಹಿ ಕೇಳಬೇಕು. ಸಹಿ ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಬೇಕು.

ಅಲ್ಲಿಗೂ ಆಗದಿದ್ದರೆ 1902ಕ್ಕೆ ದೂರು. ಅದು ಸರ್ಕಾರದ ಜನಸ್ಪಂದನ ಸಹಾಯವಾಣಿ, ದೂರಿಗೆ ನಂಬರ್ ಕೊಡುತ್ತಾರೆ, ಅದನ್ನೂ ಬರೆದಿಡಿ. ಅದೂ ಮುಗಿದರೆ ಮಾಹಿತಿ ಹಕ್ಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. 150 ಪದ ಕಡಿಮೆ ಅಂತ ಜನ ಗೊಣಗುತ್ತಾರೆ. ನನಗೆ ಅದು ಅನುಕೂಲವೇ ಆಗಿದೆ. ‘ಯಾಕೆ ಮಾಡಿಲ್ಲ’ ಅಂತ ಕೇಳಬಾರದು, ಅದಕ್ಕೆ ಉತ್ತರ ಬರುವುದಿಲ್ಲ. ‘ಈ ರಸ್ತೆಯ ಚರಂಡಿ ಕೆಲಸದ ಅಂದಾಜು ಪಟ್ಟಿ, ಕೆಲಸದ ಆದೇಶ, ಬಿಲ್ ಪ್ರತಿ ಕೊಡಿ’ ಅಂತ ಕೇಳಬೇಕು. ಕಾಗದ ಇದ್ದರೆ ಕೊಡುತ್ತಾರೆ. ಇಲ್ಲ ಅಂತ ಬರೆದುಕೊಟ್ಟರೆ ಅದೂ ಒಂದು ಉತ್ತರವೇ.

ಈಚೆಗೆ ಓಣಿಯ ಕಾಲೇಜು ಹುಡುಗಿಯೊಬ್ಬಳು ನನ್ನ ಹಕ್ಕಿಗಳನ್ನು ಇಬರ್ಡ್‌ಗೆ, ಅಂದರೆ ಕಂಡ ಹಕ್ಕಿಗಳ ಲೆಕ್ಕ ಇಡುವ ಜಾಲತಾಣಕ್ಕೆ, ಏರಿಸುತ್ತಿದ್ದಾಳೆ. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಓಣಿಯ ಮಕ್ಕಳನ್ನೂ ಕೂಡಿಸಿದಳು. ಕನಿಷ್ಠ 15 ನಿಮಿಷ ಕಂಡ ಹಕ್ಕಿಗಳನ್ನೆಲ್ಲ ಎಣಿಸಬೇಕು, ಅಷ್ಟೇ ನಿಯಮ. ಮಕ್ಕಳು ಕಾಗೆ ಎಣಿಸುವುದರಲ್ಲೇ ಜಗಳ ಆಡಿದರು. ಬಸ್ಸು, ಚರಂಡಿಗೂ ಇಂಥದೊಂದು ಆ್ಯಪ್ ಮಾಡೋಣ ಅಜ್ಜಿ ಅಂದಳು. ಮಾಡು, ಆದರೆ ಈ ಪುಸ್ತಕವನ್ನು ನಾನು ಬಿಡುವುದಿಲ್ಲ ಅಂದೆ. ಫೋನ್ ತೋರಿಸಿದರೆ ಕಚೇರಿಯಲ್ಲಿ ‘ಪ್ರಿಂಟ್ ತಗೊಂಡ್ ಬರ್ರಿ’ ಅನ್ನುತ್ತಾರೆ. ಮುಂದಿನ ವಾರ ವೈನಿ ಮತ್ತು ನಾನು ಮೂಲೆ ಮನೆಯ ಚರಂಡಿಯ ಸಲುವಾಗಿ ಕಾರ್ಪೊರೇಟರ್ ಮನೆಗೆ ಹೋಗುವವರಿದ್ದೇವೆ. ಪಾರಿವಾಳದ ವಿಷಯ ತೆಗೆಯಬಾರದು ಅಂತ ವೈನಿ ಮೊದಲೇ ಮಾತು ತೆಗೆದುಕೊಂಡಿದ್ದಾರೆ.